ಎರಡು ಸಲ ತೊಳೆದ ಬಚ್ಚಲು

ಆ ಓಣಿಯಲ್ಲಿ ವಾರ್ಡಮ್ಮನ ಮನೆ ಯಾವುದೆಂದು ಕೇಳಿಕೊಂಡು ಬಂದವರಿಗೆ ಬಾಗಿಲ ನಂಬರು ಬೇಕಾಗುತ್ತಿರಲಿಲ್ಲ. “ಹೀಗೇ ಮುಂದೆ ಹೋಗ್ತಾ ಇರಿ, ಎಲ್ಲಿ ಮೂಗು ಉರಿಯೋಕೆ ಶುರುವಾಗುತ್ತೋ ಅಲ್ಲಿ ಬೆಲ್ ಒತ್ತಿ” ಎನ್ನುತ್ತಿದ್ದ ಮೂಲೆಯ ಇಸ್ತ್ರಿ ಅಂಗಡಿಯವನು.

ವಾರ್ಡಮ್ಮ ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಆಯಾ ಆಗಿದ್ದವಳು. ನಿವೃತ್ತಿಯಾಗಿ ಬಂದ ಮೇಲೆ ಮನೆಯನ್ನೇ ವಾರ್ಡು ಮಾಡಿಕೊಂಡಳು. ಬೆಳಿಗ್ಗೆ ಉಳಿದವರು ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ನಡುಮನೆ ಒರೆಸಿ ಆಗಿರುತ್ತಿತ್ತು, ಬಚ್ಚಲಿನ ಟೈಲುಗಳು ಮುಖ ಕಾಣುವಂತೆ ಹೊಳೆಯುತ್ತಿದ್ದವು. ನೆಲಕ್ಕೆ ಫಿನಾಯಿಲು, ಬಚ್ಚಲಿಗೆ ಬ್ಲೀಚು, ಕಿಟಕಿ ಗಾಜಿಗೆ ನೀಲಿ ಸ್ಪ್ರೇ, ಒಲೆಯ ಜಿಡ್ಡಿಗೆ ಇನ್ನೊಂದು. ಬಾಟಲಿಗಳಿಗೇನೂ ಬರವಿರಲಿಲ್ಲ, ಏಕೆಂದರೆ ಮಗ ಕೆಲಸ ಮಾಡುತ್ತಿದ್ದುದು ಮನೆಸಾಮಾನಿನ ಅಂಗಡಿಯ ಕೌಂಟರಿನಲ್ಲಿ. ಲೇಬಲು ಹರಿದದ್ದು, ಮುಚ್ಚಳ ಸೀಳಿದ್ದು, ಗಿರಾಕಿಗಳು ಮುಟ್ಟದೆ ಬಿಟ್ಟದ್ದೆಲ್ಲ ಸಂಜೆ ಅವನ ಚೀಲದಲ್ಲಿ ಕೂತು ಮನೆಗೆ ಬರುತ್ತಿತ್ತು. ಬಿಟ್ಟಿ ಬಂದದ್ದನ್ನು ವಾರ್ಡಮ್ಮ ಧಾರಾಳವಾಗಿ ಸುರಿಯುತ್ತಿದ್ದಳು.

“ಅಮ್ಮಾ, ಒಂದು ಮುಚ್ಚಳ ಸಾಕು ಅಂತ ಬಾಟಲಿ ಮೇಲೇ ಬರೆದಿದೆ” ಎಂದು ಮಗ ಹೇಳಿದರೆ, “ಬರೆದೋನು ಒಂದಿನಾನಾದ್ರೂ ನೆಲ ಒರೆಸಿದ್ದಾನಾ? ವಾಸನೆ ಮೂಗಿಗೆ ಹೊಡೀಬೇಕು. ಹೊಡೀಲಿಲ್ಲ ಅಂದ್ರೆ ಬರೀ ನೀರಲ್ಲಿ ಆಟ ಆಡ್ದಂಗೆ” ಎನ್ನುತ್ತಿದ್ದಳು.

ಸೊಸೆ ಹೊಲಿಗೆಯವಳು. ಮುಂದಿನ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಮೆಷಿನ್ನು ಹಾಕಿಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಅವಳ ಟೀಯಲ್ಲೂ ಫಿನಾಯಿಲಿನ ರುಚಿ ಇರುತ್ತಿತ್ತು. ಆದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬಚ್ಚಲು ತೊಳೆದುಕೊಡುವ ಅತ್ತೆ ಓಣಿಯಲ್ಲಿ ಇನ್ಯಾರಿಗೂ ಇರಲಿಲ್ಲ. ಅದು ಸೊಸೆಗೂ ಗೊತ್ತಿತ್ತು, ಅತ್ತೆಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ತಕರಾರು ಶುರುವಾದದ್ದು ಪೀಪಿಯಿಂದ. ಪೀಪಿ ಎಂದರೆ ಮೊಮ್ಮಗಳು, ಮೂರನೇ ಕ್ಲಾಸು. ತೊಟ್ಟಿಲಲ್ಲಿದ್ದಾಗ ರಾಗ ತೆಗೆದರೆ ನಿಲ್ಲಿಸುತ್ತಿರಲಿಲ್ಲವಾದ್ದರಿಂದ ಅವಳಪ್ಪ ಇಟ್ಟ ಹೆಸರು ಅದು. ಎದೆಹಾಲು ಬಿಟ್ಟಾಗಿನಿಂದ ಅವಳು ಮಲಗುತ್ತಿದ್ದುದು ಅಜ್ಜಿಯ ಕೋಣೆಯಲ್ಲಿ, ಅಜ್ಜಿಯ ಮಂಚಕ್ಕೆ ಅಂಟಿಸಿದ ಸಣ್ಣ ಮಂಚದ ಮೇಲೆ. ಆ ವರ್ಷ ಶಾಲೆ ತೆರೆದ ಮೇಲೆ ಮಗುವಿನ ಎದೆಯಲ್ಲೇ ಪೀಪಿ ಊದತೊಡಗಿತು. ಮೆಟ್ಟಿಲು ಹತ್ತಿದರೆ ಸುಯ್ಯೆನ್ನುವುದು, ಅಂಗಾತ ಮಲಗಿದರೆ ಸುಯ್ಯೆನ್ನುವುದು. ಆಮೇಲೆ ಆ ಹೆಸರಿಗೆ ಮನೆಯಲ್ಲಿ ಯಾರೂ ನಗಲಿಲ್ಲ.

ಮಕ್ಕಳ ಡಾಕ್ಟರು ಮಗುವಿನ ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಔಷಧಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು.

“ಮನೇಲಿ ಯಾರಾದ್ರೂ ಸಿಗರೇಟು ಸೇದ್ತಾರಾ?”

“ಇಲ್ಲ ಡಾಕ್ಟ್ರೇ” ಎಂದಳು ಸೊಸೆ.

“ಮತ್ತೆ ನೀವು ಒಳಗೆ ಬಂದಾಗಿನಿಂದ ಇದೇನು ಘಾಟು?”

ಸೊಸೆ ಮನೆಯ ಬಾಟಲಿಗಳ ಕಥೆ ಹೇಳಿದಳು. ಹೇಳುತ್ತಾ ಹೋದಂತೆ ಅವಳಿಗೇ ನಾಚಿಕೆಯಾಯಿತು.

“ಎಲ್ಲ ಬಂದ್ ಮಾಡಿ” ಎಂದರು ಡಾಕ್ಟರು. “ಅದರಲ್ಲೂ ಮಗು ಮಲಗೋ ಕೋಣೆಯಲ್ಲಿ. ಎದೆ ತಿಳಿಯಾಗೋವರೆಗೆ ಅವಳನ್ನ ಬೇರೆ ಕಡೆ ಮಲಗಿಸಿ. ಆಮೇಲೆ ನೋಡೋಣ.”

ಸಂಜೆ ಮಗ ಸಣ್ಣ ಮಂಚವನ್ನು ಎತ್ತಿಕೊಂಡು ಹೊರಡುವಾಗ ವಾರ್ಡಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಎಲ್ಲಿಗೋ ಎತ್ಕೊಂಡು ಹೋಗ್ತಿದ್ದೀಯ?”

“ನಮ್ಮ ರೂಮಿಗೆ ಅಮ್ಮಾ. ಸ್ವಲ್ಪ ದಿನ ಅಷ್ಟೇ.”

“ಯಾಕೆ, ನನ್ನ ರೂಮಿಗೇನಾಗಿದೆ? ಎಲ್ಲಾದ್ರೂ ಒಂದು ಚೂರು ಧೂಳಿದ್ರೆ ತೋರಿಸು ನೋಡೋಣ.”

“ಧೂಳಲ್ಲ ಅತ್ತೆ, ಘಾಟು.” ಸೊಸೆ ಮಗುವಿನ ದಿಂಬು ಹಿಡಿದು ಹಿಂದೆ ನಿಂತಿದ್ದಳು. “ಡಾಕ್ಟ್ರೇ ಹೇಳಿದ್ದು.”

“ಮೂವತ್ತು ವರ್ಷ ಡಾಕ್ಟ್ರುಗಳು ಕಾಲಿಡೋಕೆ ಮುಂಚೆ ನೆಲ ಒರೆಸಿದೋಳು ನಾನು. ಎಷ್ಟು ಬಾಣಂತಿಯರು, ಎಷ್ಟು ಹಸುಗೂಸುಗಳು! ಒಂದಕ್ಕಾದ್ರೂ ನನ್ನ ನೆಲದಿಂದ ಸೋಂಕು ತಗುಲಿತ್ತಾ? ಈಗ ಸ್ವಂತ ಮೊಮ್ಮಗೂಗೇ ನಾನು ರೋಗ ತಂದಿಟ್ನಾ?”

“ಹಾಗಂತ ಯಾರಂದ್ರು?”

“ಬಾಯಲ್ಲಿ ಬೇರೆ ಅನ್ಬೇಕಾ? ಮಂಚ ಎತ್ತಿದ್ರಲ್ಲ.”

ಮಂಚ ಹೋಯಿತು. ಪೀಪಿ ಬಾಗಿಲಲ್ಲಿ ಇಣುಕಿ, “ಅಜ್ಜೀ, ನಾನು ಹಗಲೆಲ್ಲ ಬಂದು ಹೋಗ್ತೀನಿ” ಎಂದಳು. ವಾರ್ಡಮ್ಮ ಗೋಡೆ ಕಡೆ ಮುಖ ಮಾಡಿ ಕೂತೇ ಇದ್ದಳು. ಆ ದಿನದಿಂದ ಅವಳಿಗೆ ಬೇಕಾದದ್ದು ಒಂದೇ ಒಂದು: ಆ ಮಂಚ ತನ್ನ ಕೋಣೆಗೆ ವಾಪಸ್ಸು ಬರಬೇಕು. ಊಟಕ್ಕೆ ಕೂತರೂ ಅದೇ, ಬಟ್ಟೆ ಒಣಹಾಕಿದರೂ ಅದೇ. ಆದರೆ ಕೇಳುವುದು ಹೇಗೆ? ಕೇಳಿದರೆ ಸೋತಂತೆ, ಕೇಳದಿದ್ದರೆ ಕೋಣೆ ಖಾಲಿ.

ಮಾರನೆಯ ದಿನ ಮಗ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಅಂಗಡಿಗೆ ಹೊರಟ. “ಬಿಟ್ಟಿ ಬಂದಿದ್ದನ್ನ ವಾಪಸ್ ಕೊಡೋ ಮೊದಲನೇ ಗಿರಾಕಿ ನಾನೇ ಇರ್ಬೇಕು” ಎಂದು ಗೊಣಗಿದ. “ಹಗಲೆಲ್ಲ ಅಲ್ಲಿ ಇದರ ಗುಣಗಾನ ಮಾಡೋದು, ಮನೇಲಿ ಇದನ್ನ ಕಂಡ್ರೆ ಆಗಲ್ಲ ಅನ್ನೋದು. ಚೆನ್ನಾಗಿದೆ ನನ್ನ ಬಾಳು.”

“ಅಷ್ಟು ಬೇಜಾರಾದ್ರೆ ಕೌಂಟರ್ ಬದಲಾಯಿಸ್ಕೊಳ್ಳಿ, ಬಕೆಟ್ ಮಾರಿ” ಎಂದಳು ಹೆಂಡತಿ.

ಅವಳಿಗೀಗ ಹೊಸ ಹುರುಪು. ಫೋನಿನಲ್ಲಿ ಯಾರೋ ತೋರಿಸಿದ್ದು, ಗೆಳತಿಯೊಬ್ಬಳು ಹೇಳಿದ್ದು, ಎಲ್ಲ ಸೇರಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಹೊಸ ಸಾಮಾನು ಹರಡಿದಳು. ವಿನೆಗರ್, ಅಡುಗೆ ಸೋಡಾ, ನಿಂಬೆಹಣ್ಣು, ಉಪ್ಪು, ಜ್ಯೂಸ್ ಅಂಗಡಿಯಿಂದ ಕೇಳಿ ತಂದ ಕಿತ್ತಳೆ ಸಿಪ್ಪೆ. ಸಿಪ್ಪೆಯನ್ನು ಗಾಜಿನ ಜಾಡಿಯಲ್ಲಿ ತುಂಬಿ ವಿನೆಗರ್ ಹೊಯ್ದು ಕಿಟಕಿಯಲ್ಲಿಟ್ಟಳು.

ವಾರ್ಡಮ್ಮ ದೂರದಿಂದಲೇ ನೋಡಿದಳು. “ಉಪ್ಪು, ಹುಳಿ, ಜಾಡಿ. ಬಚ್ಚಲು ತೊಳೀತೀಯೋ, ಉಪ್ಪಿನಕಾಯಿ ಹಾಕ್ತೀಯೋ?”

“ತೊಳೆದು ತೋರಿಸ್ತೀನಿ ಇರಿ ಅತ್ತೆ.”

“ತೋರಿಸು ತಾಯಿ. ಕಣ್ಣು ಇನ್ನೂ ಚೆನ್ನಾಗಿದೆ ನಂದು.”

ಮೊದಮೊದಲು ಸೊಸೆಗೆ ಒಂದೂ ನೆಟ್ಟಗಾಗಲಿಲ್ಲ. ನಿಂಬೆಹಣ್ಣು ಉಜ್ಜಿದ ನಲ್ಲಿ ಹೊಳೆಯಿತು, ಪಕ್ಕದ ಕಲ್ಲಿನ ಕಟ್ಟೆಯ ಹೊಳಪು ಹೋಯಿತು. ವಿನೆಗರ್ ಒಳ್ಳೆಯದು, ಸೋಡಾನೂ ಒಳ್ಳೆಯದು, ಎರಡೂ ಸೇರಿದರೆ ಇನ್ನೂ ಒಳ್ಳೆಯದಿರಬೇಕೆಂದು ಒಂದು ಸಂಜೆ ಎರಡನ್ನೂ ಪ್ಲಾಸ್ಟಿಕ್ ಬಾಟಲಿಗೆ ಸುರಿದಳು. ನೊರೆ ಉಕ್ಕುತ್ತಿರುವಾಗಲೇ ಮುಚ್ಚಳ ಬಿಗಿಯಾಗಿ ತಿರುಗಿಸಿ, ಊಟಕ್ಕೆ ತಟ್ಟೆ ಹಾಕಿದಳು. ಗಂಡ ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಢಬ್ಬೆಂದು ಸದ್ದಾಯಿತು. ಮುಚ್ಚಳ ಸೂರಿಗೆ ಬಡಿದು ಬೇಳೆಯ ಪಾತ್ರೆಯೊಳಗೆ ಬಿತ್ತು. ಗೋಡೆಯ ಮೇಲೆ ನೊರೆ ಇಳಿಯತೊಡಗಿತು.

ವಾರ್ಡಮ್ಮ ಅದನ್ನೇ ನೋಡಿ, “ಪರವಾಗಿಲ್ವೇ, ಗೋಡೆ ತಾನೇ ತೊಳ್ಕೊಳ್ತು” ಎಂದಳು. ಮಂಚ ಎತ್ತಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಪೀಪಿ ನಕ್ಕು ನಕ್ಕು ಕೆಮ್ಮಿದಳು. ಕೆಮ್ಮು ಕೇಳಿ ಎಲ್ಲರ ನಗು ನಿಂತಿತು.

ಆದರೂ ಆ ನಗುವಿನಿಂದ ಸ್ವಲ್ಪ ಸಲುಗೆ ಬಂತೆಂದು ಸೊಸೆ ಅಂದುಕೊಂಡಿದ್ದಳು. ಅದನ್ನು ಹಾಲು ಕೆಡಿಸಿತು. ಒಂದು ಸಂಜೆ ಒಲೆಯ ಮೇಲೆ ಹಾಲಿಟ್ಟು, “ಅತ್ತೆ, ಸ್ವಲ್ಪ ನೋಡ್ಕೊಳ್ಳಿ, ನಾಲ್ಕು ಗುಂಡಿ ಹಚ್ಚಿ ಬರ್ತೀನಿ” ಎಂದು ಮುಂದಿನ ಕೋಣೆಗೆ ಹೋದಳು. ವಾರ್ಡಮ್ಮ ಒಲೆಗೆ ಬೆನ್ನು ಹಾಕಿ ಮೇಜಿನ ಬಳಿ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಮುಂದಿನ ಕೋಣೆಗೂ ಬಂತು. ಸೊಸೆ ಓಡಿ ಬಂದು ನೋಡಿದರೆ ಪಾತ್ರೆಯ ತಳ ಕರ್ರಗೆ, ಒಲೆಯ ತುಂಬ ಹಾಲು. ಅತ್ತೆ ಮಾತ್ರ ಏನೂ ಆಗದವಳಂತೆ ಚಾಕು ಆಡಿಸುತ್ತಾ ಕೂತಿದ್ದಳು.

“ಪಕ್ಕದಲ್ಲೇ ಇದ್ದೀರಲ್ಲ ಅತ್ತೆ! ಇಡೀ ಓಣಿಗೆ ವಾಸನೆ ಹೋಗಿದೆ!”

ವಾರ್ಡಮ್ಮ ತಿರುಗಿ ನೋಡಿ ಬೆಚ್ಚಿದಳು. ಮರುಕ್ಷಣ ಮುಖ ಬಿಗಿದುಕೊಂಡಳು. “ಹಾಲು ಕಾಯೋಕೆ ನಾನೇನು ಕಾವಲಿನವಳಾ?”

“ಕೋಪ ನನ್ನ ಮೇಲಿದ್ರೆ ನನ್ನ ಮೇಲೇ ತೀರಿಸ್ಕೊಳ್ಳಿ. ಮಗು ಕುಡಿಯೋ ಹಾಲಿನ ಮೇಲೆ ಯಾಕೆ?”

ಆ ಮಾತಿಗೆ ವಾರ್ಡಮ್ಮನ ಬಳಿ ಉತ್ತರ ಇತ್ತು, ಆದರೆ ಹೇಳಲಿಲ್ಲ. ಸುಟ್ಟ ಪಾತ್ರೆಯನ್ನು ತಾನೇ ಎತ್ತಿಕೊಂಡು ಹೋಗಿ, ಕತ್ತಲಾಗುವವರೆಗೂ ತಿಕ್ಕಿದಳು. “ಬೇಕಂತ್ಲೇ ಮಾಡ್ತಾರೆ ರೀ” ಎಂದು ಸೊಸೆ ಗಂಡನಿಗೆ ದೂರು ಹೇಳಿದಳು. ಅವನು ಎಂದಿನಂತೆ ಇಬ್ಬರ ಮಾತಿಗೂ ಹೂಂಗುಟ್ಟಿ ಟಿವಿ ಮುಂದೆ ಕೂತ.

ಒಂದು ಸಮಾಧಾನವಿತ್ತು. ಬಾಟಲಿಗಳು ಹೋಗಿ ಕೆಲವು ವಾರಗಳಾದ ಮೇಲೆ ಮಗುವಿನ ಎದೆಯ ಸದ್ದು ಇಳಿಯುತ್ತಾ ಬಂತು. ಶಾಲೆಯಿಂದ ಬಂದೊಡನೆ ವಾರ್ಡಮ್ಮ ಅವಳನ್ನು ಹತ್ತಿರ ಎಳೆದುಕೊಂಡು ಬೆನ್ನಿಗೆ ಕಿವಿ ಇಡುತ್ತಿದ್ದಳು.

“ಉಸಿರು ಎಳಿ. ಇನ್ನೂ ಎಳಿ. ಸದ್ದು ಬರುತ್ತೆ ಅಲ್ವಾ?”

“ಸ್ವಲ್ಪ ಅಜ್ಜಿ.”

“ಸ್ವಲ್ಪ ಅಂದ್ರೆ ಎಷ್ಟು?”

“ಒಂದು ಸೊಳ್ಳೆ ಅಷ್ಟು.”

ಆ ಸೊಳ್ಳೆಯಷ್ಟು ಸದ್ದು ವಾರ್ಡಮ್ಮನ ತಲೆಗೆ ಹೊಕ್ಕಿತು. ಅದೊಂದು ಹೋದರೆ ಮಂಚ ಬರುತ್ತದೆ. ಅದು ಯಾಕೆ ಹೋಗುತ್ತಿಲ್ಲ? ಮಗು ದಿನಾ ಸ್ನಾನ ಮಾಡುವ ಬಚ್ಚಲಿನಲ್ಲಿ ಏನೋ ಉಳಿದುಕೊಂಡಿರಬೇಕು. ಹುಳಿನೀರಿಗೆ ಸೋಂಕು ಸಾಯುತ್ತದೆಂದು ಯಾರು ಕಂಡಿದ್ದಾರೆ? ಮಗ ಬಾಟಲಿಗಳನ್ನು ಚೀಲಕ್ಕೆ ತುಂಬಿದ ದಿನ ಅವಳು ಬ್ಲೀಚಿನ ಒಂದು ಬಿಳಿ ಬಾಟಲಿಯನ್ನು ತನ್ನ ಪೆಟ್ಟಿಗೆಯಲ್ಲಿ ಹಳೆಯ ಯೂನಿಫಾರಂ ಅಡಿ ಸೇರಿಸಿಟ್ಟಿದ್ದಳು. ಇಷ್ಟು ದಿನ ತೆಗೆಯುವ ಧೈರ್ಯ ಬಂದಿರಲಿಲ್ಲ. ಆ ವಾರ ಸೊಸೆಗೆ ಜೋರು ನೆಗಡಿ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದಳು. ಸೊಸೆಯ ಮೂಗು ಕಟ್ಟಿತು, ಅತ್ತೆಯ ಪೆಟ್ಟಿಗೆ ತೆರೆಯಿತು.

ಅಪ್ಪ ಮಗಳು ಮನೆ ಬಿಟ್ಟ ಮೇಲೆ ಬಚ್ಚಲಿನ ಮೂಲೆಗೆ ಬ್ಲೀಚು ಸುರಿಯುವುದು, ನೆನೆಯಲು ಬಿಡುವುದು, ಆಮೇಲೆ ಉಜ್ಜಿ ನೀರು ಹೊಡೆಯುವುದು. ಎರಡು ದಿನ ಯಾರಿಗೂ ಗೊತ್ತಾಗದೆ ನಡೆಯಿತು. ಇತ್ತ ಸೊಸೆ, ಅತ್ತೆ ಬರೀ ನೀರು ಹೊಯ್ದು ಕೋಪ ತೋರಿಸುತ್ತಿದ್ದಾಳೆಂದು ತಿಳಿದು, ಮಧ್ಯಾಹ್ನ ಅತ್ತೆ ಅಡ್ಡಾದಾಗ ಅದೇ ಬಚ್ಚಲನ್ನು ಗುಟ್ಟಾಗಿ ವಿನೆಗರಿನಲ್ಲಿ ಇನ್ನೊಮ್ಮೆ ತೊಳೆಯುತ್ತಿದ್ದಳು. ಆ ಓಣಿಯಲ್ಲಿ ಅಷ್ಟು ತೊಳೆಸಿಕೊಂಡ ಬಚ್ಚಲು ಇನ್ನೊಂದಿರಲಿಕ್ಕಿಲ್ಲ.

ಮೂರನೆಯ ದಿನ ಹೊತ್ತು ತಪ್ಪಿತು. ವಾರ್ಡಮ್ಮ ಬ್ಲೀಚು ಸುರಿದು, ಬಾಟಲಿ ಅಡಗಿಸಲು ಕೋಣೆಗೆ ಹೋದಳು. ಅಷ್ಟರಲ್ಲಿ ಸೊಸೆ ಕಾಲು ತೊಳೆಯಲು ಎದ್ದು ಬಂದಳು. ಒದ್ದೆಯಾದ ಮೂಲೆಯನ್ನು ಕಂಡು, ಸುಮ್ಮನೆ ನೀರು ಹೊಯ್ದಿದ್ದಾರೆ ಎಂದುಕೊಂಡು, ಒಂದು ಮಗ್ಗು ವಿನೆಗರ್ ತಂದು ಸುರಿದು, ನೆನೆಯಲಿ ಎಂದು ಬಾಗಿಲೆಳೆದುಕೊಂಡು ಮತ್ತೆ ಮೆಷಿನ್ನಿಗೆ ಹೋದಳು. ವಾರ್ಡಮ್ಮ ಬ್ರಷ್ಷು ಹಿಡಿದು ಒಳಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಉಜ್ಜತೊಡಗಿದಳು.

ಮೆಷಿನ್ನಿನ ಸದ್ದಿನಲ್ಲಿ ಮೊದಲ ಕೆಮ್ಮು ಸೊಸೆಗೆ ಕೇಳಿಸಲಿಲ್ಲ. ಬಕೆಟ್ಟು ಉರುಳಿದ್ದು ಕೇಳಿಸಿತು. ಬಾಗಿಲು ತಳ್ಳಿದರೆ ಅತ್ತೆ ಗೋಡೆ ಹಿಡಿದು ಬಗ್ಗಿದ್ದಾಳೆ, ಕಣ್ಣಿಂದ ನೀರು ಧಾರೆ, ಉಸಿರು ಒಳಗೆ ಹೋಗುತ್ತಿಲ್ಲ. ಕಟ್ಟಿದ ಮೂಗಿಗೂ ಘಾಟು ಬಡಿಯಿತು. ಸೊಸೆ ಉಸಿರು ಬಿಗಿ ಹಿಡಿದು, ಎರಡೂ ಕಂಕುಳಿಗೆ ಕೈ ಹಾಕಿ ಅತ್ತೆಯನ್ನು ಹೊರಗೆಳೆದಳು. ಬೀದಿ ಬಾಗಿಲು ತೆರೆದು ಕೂಗಿದಳು. ಇಸ್ತ್ರಿ ಅಂಗಡಿಯವನು ಓಡಿ ಬಂದ, ಆಟೋ ಹಿಡಿದು ತಂದ.

ಕ್ಲಿನಿಕ್ಕಿನಲ್ಲಿ ಕಣ್ಣಿಗೆ ನೀರು ಹಾಯಿಸಿ ತೊಳೆದರು, ಮೂಗಿಗೆ ಆಕ್ಸಿಜನ್ ಇಟ್ಟರು. ಸ್ವಲ್ಪ ಹೊತ್ತಿನ ಮೇಲೆ ವಾರ್ಡಮ್ಮನ ಉಸಿರು ಹದಕ್ಕೆ ಬಂತು. ಡಾಕ್ಟರಮ್ಮ ಪಕ್ಕದಲ್ಲಿ ನಿಂತು ಕೇಳಿದರು:

“ಏನು ಹಾಕಿ ತೊಳೀತಿದ್ರಿ ಅಜ್ಜಿ?”

“ಬ್ಲೀಚು” ಎಂದಳು ವಾರ್ಡಮ್ಮ, ಸೂರು ನೋಡುತ್ತಾ.

“ಬ್ಲೀಚಾ?” ಸೊಸೆಗೆ ಆಶ್ಚರ್ಯ. “ಅದೆಲ್ಲಿಂದ ಬಂತು ಮನೆಗೆ?”

“ಬರೀ ಬ್ಲೀಚಿಗೆ ಇಷ್ಟಾಗಲ್ಲ. ಇನ್ನೇನಿತ್ತು?”

ಸೊಸೆ ಮುಂದೆ ಬಂದಳು. “ನಾನು ವಿನೆಗರ್ ಹಾಕಿದ್ದೆ. ಒಂದು ಮಗ್ಗು. ಅವರಿಗೆ ಗೊತ್ತಿಲ್ಲ.”

“ಎರಡೂ ಸೇರಿದ್ರೆ ವಿಷಗಾಳಿ ಏಳುತ್ತೆ ಅಂತ ಗೊತ್ತಿಲ್ವಾ? ಒಂದು ಬಚ್ಚಲನ್ನ ಒಬ್ಬರಿಗೊಬ್ಬರು ಹೇಳದೆ ಇಬ್ಬರು ತೊಳೀತೀರಾ ನಿಮ್ಮ ಮನೇಲಿ?”

ಸೊಸೆಗೆ ಮಗು ನೆನಪಾಯಿತು. ಇವತ್ತು ಶಾಲೆಗೆ ರಜೆಯಾಗಿದ್ದಿದ್ದರೆ? ಸ್ನಾನಕ್ಕೆ ಹೋಗಿದ್ದಿದ್ದರೆ? ವಾರ್ಡಮ್ಮನೂ ಅದನ್ನೇ ನೆನೆದಿರಬೇಕು, ಆಕ್ಸಿಜನ್ ನಳಿಗೆಯ ಪಕ್ಕದಲ್ಲಿ ಅವಳ ಕೆನ್ನೆ ಒದ್ದೆಯಾಯಿತು.

“ಗೊತ್ತಿಲ್ದೆ ಏನು” ಎಂದಳು. “ಒಂದು ಬಕೆಟ್ಟಿಗೆ ಒಂದೇ ಬಾಟಲಿ. ವಾರ್ಡಿಗೆ ಹೊಸದಾಗಿ ಬಂದ ಹುಡುಗೀರಿಗೆ ಮೊದಲ ದಿನ ನಾನೇ ಹೇಳ್ಕೊಡ್ತಿದ್ದೆ. ತಪ್ಪಿದ್ರೆ ಕೈಗೆ ಬಾರಿಸ್ತಿದ್ದೆ. ಈಗ ನೋಡಿ, ಕದ್ದು ತೊಳೆಯೋಕೆ ಹೋಗಿ ನಾನೇ ಬಿದ್ದೆ.”

“ಅದಿರಲಿ. ಅಷ್ಟು ಘಾಟು ಎದ್ದಾಗ ವಾಸನೆ ಬರ್ಲಿಲ್ವಾ ನಿಮಗೆ? ಕೂಡ್ಲೇ ಎದ್ದು ಬರಬಹುದಿತ್ತಲ್ಲ.”

ವಾರ್ಡಮ್ಮ ಸೊಸೆಯ ಕಡೆ ಒಮ್ಮೆ ನೋಡಿದಳು, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು.

“ನನಗೆ ವಾಸನೆ ಬರಲ್ಲ ಡಾಕ್ಟ್ರಮ್ಮ.”

“ಇವತ್ತಿಂದಾನಾ?”

“ಕೆಲಸ ಬಿಡೋಕೂ ಮುಂಚಿನಿಂದ. ಮೊದಲು ಹೂವಿನದು ಹೋಯ್ತು. ಆಮೇಲೆ ಅನ್ನದ್ದು ಹೋಯ್ತು. ಬಾಟಲಿದು ಮಾತ್ರ ಜಾಸ್ತಿ ಸುರಿದ್ರೆ ಮೂಗಿನೊಳಗೆ ಚುರ್ ಅಂತಿತ್ತು. ಚುರ್ ಅಂದ್ರೆ ಕ್ಲೀನ್ ಆಯ್ತು ಅಂತ ಲೆಕ್ಕ ನನಗೆ.”

ಡಾಕ್ಟರಮ್ಮ ಏನೋ ಬರೆದುಕೊಂಡು ಬೇರೆ ರೋಗಿಯ ಕಡೆ ಹೋದರು. ಸೊಸೆ ಸ್ಟೂಲನ್ನು ಮಂಚಕ್ಕೆ ಹತ್ತಿರ ಎಳೆದಳು.

“ಅತ್ತೆ, ಆ ಹಾಲು...”

“ಹೂಂ.”

“ಸೀದಿದ್ದು ಗೊತ್ತೇ ಆಗ್ಲಿಲ್ವಾ?”

“ನೀನು ಕಿರುಚಿದ ಮೇಲೆ ಗೊತ್ತಾಯ್ತು.”

“ಒಂದು ಮಾತು ಹೇಳಬಾರದಿತ್ತಾ? ನಾನು ಏನೇನೋ ಅಂದುಬಿಟ್ಟೆ.”

“ಹೇಳಿ ಏನು ಮಾಡ್ಲಿ? ವಾಸನೆ ಬರದ ಮುದುಕಿ ಹತ್ರ ಯಾರು ಒಲೆ ಬಿಡ್ತಾರೆ? ಯಾರು ಮಗು ಬಿಡ್ತಾರೆ? ಗ್ಯಾಸ್ ಸೋರಿದ್ರೂ ಇವಳಿಗೆ ಗೊತ್ತಾಗಲ್ಲ, ಒಂದು ಮೂಲೇಲಿ ಕೂರಲಿ ಅಂತೀರಿ. ಕೆಲಸ ಮಾಡದೆ ಕೂತು ಗೊತ್ತಿಲ್ಲ ಕಣೆ ನನಗೆ.”

ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದು, ತಾನು ಮಾಡಿದ ಅಡುಗೆಯ ಘಮ ಈ ಹೆಂಗಸಿಗೆ ಒಂದು ದಿನವೂ ತಲುಪಿಲ್ಲವೆಂದು ಸೊಸೆಗೆ ಈಗ ತಿಳಿಯಿತು. ಅತ್ತೆ ಚಪ್ಪರಿಸಿ ತಿನ್ನುವುದಿಲ್ಲವೆಂದು ಎಷ್ಟು ಸಲ ಮುಖ ಊದಿಸಿಕೊಂಡಿದ್ದಳೋ. ಅತ್ತೆಯ ಕೈ ಹಿಡಿದುಕೊಂಡಳು. ಅತ್ತೆ ಬಿಡಿಸಿಕೊಳ್ಳಲಿಲ್ಲ.

ಸಂಜೆ ಇಬ್ಬರೂ ಮನೆಗೆ ಮರಳಿದ ಮೇಲೆ ಮಗ ಅಂಗಡಿಯಿಂದ ಬಂದು ಬಾಗಿಲಲ್ಲೇ ಕೂಗಾಡಿದ. “ಏನು ಮನೇನೋ, ಯುದ್ಧರಂಗಾನೋ? ಆ ಬಾಟಲಿ ಬಚ್ಚಿಟ್ಟಿದ್ದು ಯಾರು? ಅಮ್ಮಾ, ನಿನಗೆ ಬುದ್ಧಿ ಇದೆಯಾ?”

“ಅತ್ತೆಗೆ ಏನೂ ಅನ್ಬೇಡಿ” ಎಂದಳು ಹೆಂಡತಿ. “ತಪ್ಪು ಅರ್ಧ ನಂದು. ಕೈ ತೊಳ್ಕೊಂಡು ಊಟಕ್ಕೆ ಬನ್ನಿ.”

ಅವನು ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಇಬ್ಬರೂ ಒಂದೇ ಪಕ್ಷವಾದದ್ದು ಅವನಿಗೆ ಹೊಸದು. ತೆಪ್ಪಗೆ ಹೋಗಿ ಊಟಕ್ಕೆ ಕೂತ.

ಎರಡು ದಿನ ಸುಧಾರಿಸಿಕೊಂಡ ಮೇಲೆ ಸೊಸೆ ಬಚ್ಚಲಿನ ಬಾಗಿಲಲ್ಲಿ ಒಂದು ಸ್ಟೂಲು ಹಾಕಿದಳು. “ಕೂತ್ಕೊಳ್ಳಿ ಅತ್ತೆ. ಈಗ ಹೇಳಿ. ಈ ಬಾಟಲಿಗಳೆಲ್ಲ ಬರೋಕೆ ಮುಂಚೆ ನಿಮ್ಮ ವಾರ್ಡಲ್ಲಿ ಏನು ಹಾಕಿ ತೊಳೀತಿದ್ರು?”

ವಾರ್ಡಮ್ಮ ಮೂಗು ಮುರಿದಳು. ಆದರೆ ಕೂತಳು. “ನಾನು ಸೇರಿದಾಗ ಒಬ್ಬಳು ಹಿರೇ ಆಯಾ ಇದ್ಲು. ಅವಳ ಹತ್ರ ಕುದಿಯೋ ನೀರು, ಸೋಪು, ಬಟ್ಟೆ ಒಗೆಯೋ ಸೋಡಾ, ಅಷ್ಟೇ. ಉಜ್ಜೋದು, ಒಣ ಬಟ್ಟೇಲಿ ಒರೆಸೋದು, ಕಿಟಕಿ ತೆಗೆದಿಡೋದು. ನೆಲ ಒಣಗೋವರೆಗೆ ಹೆಡ್ ನರ್ಸ್ ಬಂದ್ರೂ ಒಳಗೆ ಬಿಡ್ತಿರ್ಲಿಲ್ಲ.”

“ಹಾಗಾದ್ರೆ ಅದನ್ನೇ ಮಾಡೋಣ.”

“ನಾನು ಮರ್ತೇಬಿಟ್ಟಿದ್ದೆ ಕಣೆ ಅವಳನ್ನ” ಎಂದಳು ವಾರ್ಡಮ್ಮ.

ಹಾಗೆಂದು ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ವಾರ್ಡಮ್ಮ ಸೋಪಿನ ಬಾರನ್ನು ತುರಿಯಲು ಸೊಸೆಯ ಕ್ಯಾರೆಟ್ ತುರಿಯುವ ಮಣೆ ಎತ್ತಿಕೊಂಡಳು. ಮರುದಿನ ಕ್ಯಾರೆಟ್ ತಿಂದ ಮಗ ತಟ್ಟೆ ಸರಿಸಿ, “ಹೊಟ್ಟೆ ಒಳಗೂ ತೊಳೀಬೇಕಾ ಈಗ?” ಎಂದ. ಹೊಸ ಮಣೆ ಬಂತು, ಹಳೆಯದಕ್ಕೆ ಸೊಸೆ ಕೆಂಪು ದಾರ ಕಟ್ಟಿದಳು. ಸೋಡಾ ನೀರಿನಲ್ಲಿ ಒರೆಸಿದ ನಡುಮನೆ ಒಣಗಿದ ಮೇಲೆ ಬೂದಿ ಬಳಿದಂತಾಯಿತು. ವಾರ್ಡಮ್ಮ ತಲೆ ಕೆರೆದುಕೊಂಡಳು, ಹಿರೇ ಆಯಾಳ ನೆಲ ಸಿಮೆಂಟಿನದು, ಇದು ಕಪ್ಪು ಟೈಲಿನದು. ಸೊಸೆ ಕೊನೆಯ ಬಕೆಟ್ ನೀರಿಗೆ ಜಾಡಿಯಿಂದ ಎರಡು ಚಮಚ ಕಿತ್ತಳೆಯ ವಿನೆಗರ್ ಹಾಕಿ ಇನ್ನೊಮ್ಮೆ ಒರೆಸಿದಳು. ಬಿಳಿ ಕಲೆ ಹೋಯಿತು.

“ನಿನ್ನ ಉಪ್ಪಿನಕಾಯಿ ಒಂದಕ್ಕಾದ್ರೂ ಬಂತಲ್ಲ” ಎಂದಳು ಅತ್ತೆ.

ಒಂದು ನಿಯಮ ಮಾತ್ರ ಅತ್ತೆಯದೇ. ಬಚ್ಚಲಿಗೆ ಹೋಗುವವರು ಏನು ಹಾಕುತ್ತೇನೆಂದು ಗಟ್ಟಿಯಾಗಿ ಕೂಗಿ ಹೇಳಬೇಕು. “ಸೋಪು!” ಎಂದು ಒಬ್ಬಳು ಒಳಗಿಂದ ಕೂಗಿದರೆ, “ಕೇಳಿಸ್ತು!” ಎಂದು ಇನ್ನೊಬ್ಬಳು ಮೆಷಿನ್ನಿನಿಂದ ಕೂಗುತ್ತಿದ್ದಳು. ಇಸ್ತ್ರಿ ಅಂಗಡಿಯವನಿಗೆ ಆ ಮನೆಯ ಬಚ್ಚಲಿನ ಸಮಾಚಾರವೆಲ್ಲ ತಿಳಿಯತೊಡಗಿತು.

ವಾಸನೆ ನೋಡುವ ಕೆಲಸ ಪೀಪಿಯ ಪಾಲಿಗೆ ಬಂತು. ತನ್ನ ಮೂಗನ್ನು ನಂಬುವಂತಿಲ್ಲವೆಂದು ವಾರ್ಡಮ್ಮ ತಾನೇ ಮೊಮ್ಮಗಳಿಗೆ ಹೇಳಿದಳು. ಹೇಳಿದ್ದು ಹೀಗೆ: “ನನ್ನ ಮೂಗು ರಿಟೈರ್ ಆಗಿದೆ ಪುಟ್ಟಾ. ಇನ್ಮೇಲೆ ನಿಂದೇ ಡ್ಯೂಟಿ.” ಶಾಲೆಯಿಂದ ಬಂದವಳು ಚೀಲ ಎಸೆದು ಕೋಣೆ ಕೋಣೆ ಮೂಸುತ್ತಾ ಹೋಗುವಳು, ಹಿಂದೆ ಅಜ್ಜಿ ಕೈಕಟ್ಟಿಕೊಂಡು ನಡೆಯುವಳು. ಹಾಲಿಟ್ಟಾಗ ವಾರ್ಡಮ್ಮ ಈಗ ಒಲೆಗೆ ಮುಖ ಮಾಡಿ ಕೂರುತ್ತಿದ್ದಳು. ಒಲೆಯನ್ನು ಅವಳಿಂದ ಯಾರೂ ಕಿತ್ತುಕೊಂಡಿರಲಿಲ್ಲ.

ಮುಂದಿನ ಸಲ ಮಕ್ಕಳ ಡಾಕ್ಟರ ಹತ್ತಿರ ವಾರ್ಡಮ್ಮನೂ ಹೋದಳು. ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪು ಇಟ್ಟಾಗ ಇವಳೇ ಉಸಿರು ಬಿಗಿ ಹಿಡಿದು ನಿಂತಳು.

“ತಿಳಿಯಾಗಿದೆ” ಎಂದರು ಅವರು. “ಪಂಪು ಕೈಯಲ್ಲಿರಲಿ, ಬಿಡಬೇಡಿ. ಎಲ್ಲಿ ಬೇಕಾದ್ರೂ ಮಲಗಲಿ.”

ವಾರ್ಡಮ್ಮ ಏನನ್ನೂ ಕೇಳಲಿಲ್ಲ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಸೊಸೆಯೇ, “ಭಾನುವಾರ ಇವರಿಗೆ ರಜೆ ಅತ್ತೆ. ಮಂಚ ಎತ್ತಿ ಇಡಿಸ್ತೀನಿ” ಎಂದಳು. ವಾರ್ಡಮ್ಮ ತಲೆಯಾಡಿಸಿದಳು. ಬಾಯಿ ತೆರೆದರೆ ಅಳು ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಗ ಮಂಚ ತಂದು ಅಜ್ಜಿಯ ಮಂಚಕ್ಕೆ ಜೋಡಿಸಿದ. ವಾರ್ಡಮ್ಮ ಬೆಳಿಗ್ಗೆಯೇ ಹಾಸಿಗೆ ಬಿಸಿಲಿಗೆ ಹಾಕಿ ತೆಗೆದಿದ್ದಳು, ಎರಡೂ ಕಿಟಕಿ ತೆರೆದಿಟ್ಟಿದ್ದಳು. ಆದರೂ ಅವಳಿಗೆ ಧೈರ್ಯ ಸಾಲದು.

“ಮಂಚದ ಕೆಳಗೆ ನೋಡು.”

“ಏನೂ ಇಲ್ಲ.”

“ಬೀರು ಹಿಂದೆ?”

“ಏನೂ ಇಲ್ಲ ಅಜ್ಜಿ.”

“ಪೆಟ್ಟಿಗೆ ತೆಗೆದು ಮೂಸಿದ್ಯಾ?”

“ಆಗ್ಲೇ ಮೂಸಿದೆ. ನಿದ್ದೆ ಬರ್ತಿದೆ ನನಗೆ.”

ಪೀಪಿ ಹತ್ತಿ ಮಲಗಿದಳು. ತನ್ನ ಮಂಚ ಬಿಟ್ಟು ಅಜ್ಜಿಯ ಮಂಚಕ್ಕೇ ಉರುಳಿ, ಅಜ್ಜಿಯ ಭುಜಕ್ಕೆ ಮುಖ ಒತ್ತಿ ಉಸಿರೆಳೆದಳು. ಎದೆಯಲ್ಲಿ ಸದ್ದಿಲ್ಲ. ವಾರ್ಡಮ್ಮ ಅಲುಗದೆ ಕೇಳಿಸಿಕೊಂಡಳು. ಮಗು ಇನ್ನೊಮ್ಮೆ ಉಸಿರೆಳೆದು, “ಇಲ್ಲಿ ಬರ್ತಿದೆ” ಎಂದಿತು.

ವಾರ್ಡಮ್ಮ ಧಡಕ್ಕನೆ ಅರ್ಧ ಎದ್ದಳು. “ಎಲ್ಲಿ? ಏನು ವಾಸನೆ? ಫಿನಾಯಿಲಾ? ಲೇ, ಬಾರೇ ಇಲ್ಲಿ, ಮಗೂಗೆ ಏನೋ...”

“ಅಯ್ಯೋ ಅದಲ್ಲ ಅಜ್ಜಿ. ನಿನ್ನ ವಾಸನೆ.”

“ನಂದಾ?”

“ಹೂಂ. ಮುಂಚೆ ಗೊತ್ತೇ ಆಗ್ತಿರ್ಲಿಲ್ಲ.”

“ಹೇಗಿದೆ?”

“ಚೆನ್ನಾಗಿದೆ” ಎಂದಳು ಪೀಪಿ, ಆಗಲೇ ಕಣ್ಣು ಮುಚ್ಚಿ.

ವಾರ್ಡಮ್ಮ ತನ್ನ ತೋಳನ್ನು ಮೂಗಿಗೆ ಹಿಡಿದು ನೋಡಿಕೊಂಡಳು. ಏನೂ ತಿಳಿಯಲಿಲ್ಲ. ಮಗು ಹೇಳಿದ ಮೇಲೆ ಇರಲೇಬೇಕು ಎಂದುಕೊಂಡು, ಆ ತೋಳನ್ನೇ ಅವಳ ತಲೆಯಡಿಗೆ ಕೊಟ್ಟು ಮಲಗಿದಳು.